ಫ್ಲೈಟ್ ಟಿಕೆಟ್ ಮಾಡ್ಸೋರು ಓದ್ರಿ

ನಮಸ್ಕಾರ್ರೀ ಎಲ್ಲಾರಿಗೂ, ವಿಪಿಎನ್ (ನಾವು ಇರೋ ಜಾಗಾ ಮುಚ್ಚಿಡೋ ಆ್ಯಪ್) ಹಾಕಿ ಬ್ಯಾರೆ ದೇಶದ ಲೊಕೇಶನ್ ತೋರ್ಸಿದ್ರ ಟಿಕೆಟ್ ಅಗ್ಗ ಸಿಗ್ತೈತಿ ಅಂತ ಗ್ರೂಪ್‌ನ್ಯಾಗ ಮೆಸೇಜ್ ಓಡಾಡಾಕತ್ತೈತಿ, ಆದ್ರ ನಮ್ಮ ಬೆಳಗಾವಿ ಸಾಂಬ್ರಾ ಏರ್‌ಪೋರ್ಟ್‌ದಿಂದ ಬೆಂಗಳೂರಿಗೆ ಹೋಗೋರಿಗೆ ಅದರಿಂದ ಹೆಚ್ಚೇನೂ ಉಪಯೋಗಿಲ್ಲ. ಒಂದೇ ವಿಮಾನದಾಗ ಸೀಟು ಬ್ಯಾರೆ ಬ್ಯಾರೆ ರೇಟಿನ ಕ್ಲಾಸ್ ಮಾಡಿ ಇಟ್ಟಿರ್ತಾರ, ಅಗ್ಗದ್ದು ಖಾಲಿ ಆತಂದ್ರ ಮುಂದಿನ ರೇಟ್ ಕಾಣ್ತೈತಿ, ನೀವು ಬೆಳಗಾವಿ ಟಿಳಕವಾಡಿಯಾಗ ಕುಂತ್ರೂ ಅಷ್ಟೇ, ಟರ್ಕಿ ಅಂತ ತೋರ್ಸಿದ್ರೂ ಅಷ್ಟೇ. ಫಾರಿನ್ ಟಿಕೆಟ್‌ಗೆ ಮಾತ್ರ ದೇಶದ ಸೈಟ್ ಬದಲಾದ್ರ ಒಮ್ಮೊಮ್ಮೆ ಫರಕ್ ಬರ್ತೈತಿ, ಆದ್ರ ಕಾರ್ಡಿನ ಫಾರೆಕ್ಸ್ ಚಾರ್ಜು (ಬ್ಯಾರೆ ದೇಶದ ರೊಕ್ಕದಾಗ ಕೊಟ್ರ ಬ್ಯಾಂಕಿನವ್ರು ಹಾಕೋದು), ಅದರ ಮ್ಯಾಲ ಜಿಎಸ್‌ಟಿ, ಎಲ್ಲಾ ಕೂಡ್ಸಿ ಲೆಕ್ಕಾ ಹಾಕ್ರಿ, ಉಳಿಸಿದ್ದು ಬಾಳ ಸಲ ಅಲ್ಲೇ ಹೊಕ್ಕೈತಿ. ಫ್ರೀ ವಿಪಿಎನ್ ಹಚ್ಕೊಂಡು ಕಾರ್ಡ್ ನಂಬರ್ ಹೊಡೀಬ್ಯಾಡ್ರೀ ಯಪ್ಪಾ. ಅದಕ್ಕಿಂತ ಹುಬ್ಬಳ್ಳಿ, ಗೋವಾದ ಮೋಪಾ ಏರ್‌ಪೋರ್ಟ್‌ದಿಂದ ಹೋಗೋ ರೇಟ್ ಒಮ್ಮೆ ನೋಡ್ರಿ.