ಸೇಲಂ ಕುರಿತು ಕಾದಂಬರಿ ಬರೆಯುತ್ತಿರುವ ಕಿರಿಯ ಲೇಖಕರಿಗೆ

ಪ್ರಿಯ ಯುವ ಮಿತ್ರರೇ,

ನಮಸ್ಕಾರ. ನಿಮ್ಮ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಭಾಷೆಯಲ್ಲಿ ಕಸುವಿದೆ. ಆದರೆ ಕೊನೆಯ ಅಧ್ಯಾಯದಲ್ಲಿ ಮಾಟಗಾತಿಯೆನಿಸಿಕೊಂಡ ಹೆಂಗಸನ್ನು ಕಂಬಕ್ಕೆ ಕಟ್ಟಿ ಸುಡಿಸಿದ್ದೀರಿ. ಅಮೆರಿಕದ ಮ್ಯಾಸಚೂಸೆಟ್ಸ್ ಎಂಬ ಇಂಗ್ಲಿಷ್ ವಸಾಹತಿನ ಸೇಲಂನಲ್ಲಿ 1692ರಲ್ಲಿ ನಡೆದ ಮಾಟದ ವಿಚಾರಣೆಗಳಲ್ಲಿ ಯಾರನ್ನೂ ಸುಡಲಿಲ್ಲ. ಇಂಗ್ಲಿಷ್ ಕಾನೂನಿನ ಪ್ರಕಾರ ಮಾಟಕ್ಕೆ ಗಲ್ಲು ಶಿಕ್ಷೆಯಿತ್ತು. 19 ಮಂದಿಯನ್ನು ಗಲ್ಲಿಗೇರಿಸಿದರು, ವಿಚಾರಣೆಗೆ ಒಪ್ಪದ ವೃದ್ಧ ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು, ಕನಿಷ್ಠ ಐವರು ಸೆರೆಮನೆಯಲ್ಲೇ ತೀರಿಕೊಂಡರು.

ಜನಪ್ರಿಯ ನೆನಪು ಮಾಡಿದ ಬದಲಾವಣೆ ಇದೊಂದೇ ಅಲ್ಲ. ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಸೇಲಂ ಕುರಿತ 1953ರ ತಮ್ಮ ‘ದಿ ಕ್ರೂಸಿಬಲ್’ ನಾಟಕಕ್ಕಾಗಿ, ಮಾಟದ ಆರೋಪ ಹೊರಿಸಿದ ಹುಡುಗಿಯರಲ್ಲೊಬ್ಬಳಾದ ಹನ್ನೊಂದು ಹನ್ನೆರಡರ ಅಬಿಗೈಲ್ ವಿಲಿಯಮ್ಸಳನ್ನು ಹದಿನೇಳರ ತರುಣಿಯಾಗಿಸಿ, ಗಲ್ಲಿಗೇರಿದವರಲ್ಲೊಬ್ಬನಾದ ಅರವತ್ತರ ಆಸುಪಾಸಿನ ಜಾನ್ ಪ್ರಾಕ್ಟರನನ್ನು ಮೂವತ್ತರ ಹರೆಯಕ್ಕಿಳಿಸಿ, ಇಬ್ಬರ ನಡುವೆ ಒಂದು ಸಂಬಂಧವನ್ನು ಕಲ್ಪಿಸಿದರು. ತಮ್ಮ ಕಾಲದ ಕಮ್ಯುನಿಸ್ಟ್ ಬೇಟೆಯನ್ನು ಪ್ರಶ್ನಿಸಲು ಅವರಿಗೆ ಅದು ಬೇಕಿತ್ತು. ನಿಮ್ಮ ಉದ್ದೇಶ ಬೇರೆ, ಹಾಗಿರುವಾಗ ಅದೇ ಪ್ರೇಮಕಥೆಯನ್ನು ಎರವಲು ತಂದದ್ದೇಕೆ? ಪಾದ್ರಿ ಸ್ಯಾಮುಯೆಲ್ ಪ್ಯಾರಿಸನ ಮನೆಯ ಗುಲಾಮಳಾದ ಟಿಟುಬಾಳನ್ನು ನೀವು ಆಫ್ರಿಕಾದವಳೆಂದಿದ್ದೀರಿ. ಅಂದಿನ ದಾಖಲೆಗಳು ಆಕೆಯನ್ನು ಇಂಡಿಯನ್, ಅಂದರೆ ಅಮೆರಿಕ ಖಂಡದ ಮೂಲನಿವಾಸಿ, ಎನ್ನುತ್ತವೆ.

ದಯವಿಟ್ಟು ಆ ದಾಖಲೆಗಳಿಗೆ ಹೋಗಿ. ಈ ಮೊಕದ್ದಮೆಗಳನ್ನು ನಡೆಸಿದ ವಿಶೇಷ ನ್ಯಾಯಾಲಯದ ಅಧಿಕೃತ ಕಡತ ಉಳಿದಿಲ್ಲವಾದರೂ ಹೇಳಿಕೆಗಳು, ಅರ್ಜಿಗಳು, ಬಂಧನದ ಆದೇಶಗಳು ನೂರಾರಿವೆ. ಆರೋಪಿ ತನ್ನ ಮನೆಯಲ್ಲೇ ಇದ್ದರೂ ಆಕೆಯ ಛಾಯಾರೂಪ ಬಂದು ನನ್ನನ್ನು ಚಿವುಟಿತು, ಕಚ್ಚಿತು ಎಂದು ಒಬ್ಬ ಹುಡುಗಿ ಹೇಳಿದರೆ ನ್ಯಾಯಾಧೀಶರು ಅದನ್ನು ಸಾಕ್ಷ್ಯವೆಂದು ಒಪ್ಪುತ್ತಿದ್ದರು. ತಪ್ಪೊಪ್ಪಿಕೊಂಡು ಆ ಮಾತಿಗೆ ಅಂಟಿಕೊಂಡವರಾರೂ ಗಲ್ಲಿಗೇರಲಿಲ್ಲ. ಸುಳ್ಳು ಹೇಳಿ ಆತ್ಮವನ್ನು ಕೆಡಿಸಿಕೊಳ್ಳಲಾರೆವು ಎಂದವರು ಸತ್ತರು. ನಿಮ್ಮ ಕಾದಂಬರಿಯ ಬೆನ್ನೆಲುಬು ಇಲ್ಲಿದೆ ಎಂದು ನಾನು ನಂಬುತ್ತೇನೆ.

ರೆಬೆಕಾ ನರ್ಸಳ ಪ್ರಕರಣವನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿರುವುದು ನನಗೆ ನಿಜವಾಗಿಯೂ ನೋವು ತಂದಿತು. ಎಪ್ಪತ್ತೊಂದರ ಆ ದೈವಭಕ್ತೆಯ ಪರವಾಗಿ ನೆರೆಹೊರೆಯ 39 ಮಂದಿ ಸಹಿ ಹಾಕಿದ್ದರು, ಜ್ಯೂರಿ ಮೊದಲು ನಿರಪರಾಧಿಯೆಂದೇ ಹೇಳಿತ್ತು. ಆರೋಪಿಸಿದವರು ಕೂಗಾಡಿದಾಗ ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್, ಸಾಕ್ಷಿಯಾಗಿ ಬಂದ ಸಹಕೈದಿಯನ್ನು ಕಂಡು ರೆಬೆಕಾ ‘ಈಕೆ ನಮ್ಮವಳು’ ಎಂಬರ್ಥದಲ್ಲಿ ಆಡಿದ್ದ ಮಾತನ್ನು ಮತ್ತೊಮ್ಮೆ ಪರಿಗಣಿಸುವಂತೆ ಜ್ಯೂರಿಗೆ ಸೂಚಿಸಿದ. ಅದರ ಅರ್ಥವೇನೆಂದು ಕೇಳಿದಾಗ ಕಿವಿ ಮಂದವಾಗಿದ್ದ, ದುಃಖದಲ್ಲಿ ಮುಳುಗಿದ್ದ ಆ ಮುದುಕಿಗೆ ಪ್ರಶ್ನೆಯೇ ಕೇಳಿಸಲಿಲ್ಲ. ಆ ಮೌನವನ್ನೇ ಅಪರಾಧವೆಂದು ಬಗೆದು ಜ್ಯೂರಿ ತೀರ್ಪನ್ನು ಬದಲಿಸಿತು. ಜುಲೈ 19ರಂದು ಆಕೆಯನ್ನು ಗಲ್ಲಿಗೇರಿಸಿದರು.

ಇನ್ನು ನಿಮ್ಮ ಪ್ಯೂರಿಟನ್ನರು, ಅಂದರೆ ಸೇಲಂನ ಆ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು. ಅವರೆಲ್ಲರನ್ನೂ ಒಂದೇ ಅಚ್ಚಿನ ಕ್ರೂರಿಗಳನ್ನಾಗಿಸಬೇಡಿ. ಉತ್ತರದ ಗಡಿಯಲ್ಲಿ ಯುದ್ಧ ನಡೆದಿತ್ತು, ಅಲ್ಲಿಂದ ಓಡಿಬಂದ ನಿರಾಶ್ರಿತರು ಅವರ ನಡುವೆಯೇ ಇದ್ದರು, ಸೈತಾನ ಅವರಿಗೆ ರೂಪಕವಾಗಿರಲಿಲ್ಲ. ಒಬ್ಬ ನಿರಪರಾಧಿ ಶಿಕ್ಷೆಗೊಳಗಾಗುವುದಕ್ಕಿಂತ ಹತ್ತು ಮಂದಿ ಶಂಕಿತರು ತಪ್ಪಿಸಿಕೊಳ್ಳುವುದೇ ಲೇಸೆಂದು ವಾದಿಸಿದ ಇಂಕ್ರೀಸ್ ಮೇದರ್ ಕೂಡ ಪ್ಯೂರಿಟನ್ ಪಾದ್ರಿಯೇ. ನ್ಯಾಯಾಧೀಶ ಸ್ಯಾಮುಯೆಲ್ ಸೀವಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ತನ್ನ ತಪ್ಪೊಪ್ಪಿಗೆಯನ್ನು ಓದಿಸಿದ. ಸ್ಟೌಟನ್ ಎಂದೂ ಕ್ಷಮೆ ಕೇಳಲಿಲ್ಲ. ಒಂದೇ ಪೀಠದಲ್ಲಿ ಕೂತಿದ್ದ ಈ ಇಬ್ಬರನ್ನು ಬಿಡಿಸಿ ತೋರಿಸುವುದು ಕಾದಂಬರಿಕಾರರ ಕೆಲಸ.

ಕೊನೆಯ ಅಧ್ಯಾಯಕ್ಕೆ ನನ್ನದೊಂದು ಸಲಹೆಯಿದೆ. ಸಾರಾ ಗುಡ್‌ಳ ಗಂಡ ವಿಲಿಯಂ, ವಿಚಾರಣೆಯ ವೇಳೆ ತನ್ನ ಹೆಂಡತಿ ಮಾಟಗಾತಿಯಾಗಿರಬಹುದೆಂಬ ಭಯ ತನಗಿದೆಯೆಂದು ಹೇಳಿದ್ದ. ಅವಳನ್ನು ಗಲ್ಲಿಗೇರಿಸಿದರು. ನಾಲ್ಕೈದು ವರ್ಷದ ಮಗಳನ್ನೂ ಸೆರೆಯಲ್ಲಿಟ್ಟಿದ್ದರು. 1710ರಲ್ಲಿ ಅದೇ ವಿಲಿಯಂ ಪರಿಹಾರ ಕೇಳಿ ಅರ್ಜಿ ಬರೆದ: ಏಳೆಂಟು ತಿಂಗಳು ಸಂಕೋಲೆಯಲ್ಲಿದ್ದ ಮಗು ಅಂದಿನಿಂದ ಬುದ್ಧಿ ಸ್ಥಿಮಿತದಲ್ಲಿಲ್ಲದೆ ಬದುಕುತ್ತಿದೆ ಎಂದು. ಕಾದಂಬರಿಯನ್ನು ಗಲ್ಲಿನ ಬುಡದಲ್ಲಿ ನಿಲ್ಲಿಸದೆ ಆ ಅರ್ಜಿಯವರೆಗೆ ಒಯ್ಯಿರಿ. ಅದನ್ನು ಬರೆಯುವಾಗ ಆ ತಂದೆಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ದಾಖಲೆಯೂ ಹೇಳುವುದಿಲ್ಲ, ಅದನ್ನು ನೀವೇ ಬರೆಯಬೇಕು. ತಿದ್ದಿದ ಪ್ರತಿಯನ್ನು ಕಳುಹಿಸಿ, ಕಾದು ಓದುತ್ತೇನೆ.

ಇತಿ ನಿಮ್ಮ ಹಿತೈಷಿ