ಚರ್ಮದಾನದ ಅರಿವೂ ಮೂಡಲಿ

ಮಾನ್ಯರೇ,

1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ ಬಹುಪಾಲು ಮಕ್ಕಳು. ಅಂಥ ದುರಂತ ಎದುರಿಸಲು ಆಂಬುಲೆನ್ಸ್, ಹಾಸಿಗೆಗಳಷ್ಟೇ ಸಾಲವು, ದಾನಿಗಳ ಚರ್ಮದ ದಾಸ್ತಾನೂ ಮೊದಲೇ ಸಿದ್ಧವಿರಬೇಕು. ಮೈ ಬಹುಭಾಗ ಸುಟ್ಟವರಲ್ಲಿ ಕಸಿಗೆ ಬೇಕಾದಷ್ಟು ಸ್ವಂತ ಚರ್ಮ ಉಳಿದಿರುವುದಿಲ್ಲ. ಆಗ ಗಾಯಕ್ಕೆ ಹೊದಿಸುವ ದಾನದ ಚರ್ಮವು ಕೆಲವು ವಾರಗಳಲ್ಲಿ ಕಳಚಿಹೋಗುವುದಾದರೂ, ಅಲ್ಲಿಯವರೆಗೆ ದೇಹದ ದ್ರವ ಸೋರಿಹೋಗುವುದನ್ನು ತಡೆದು, ಸೋಂಕನ್ನೂ ನೋವನ್ನೂ ತಗ್ಗಿಸಿ, ಜೀವ ಉಳಿಸುವಷ್ಟು ಕಾಲಾವಕಾಶ ಕೊಡುತ್ತದೆ.

ಡಾ. ರಾಜ್‌ಕುಮಾರ್, ಪುನೀತ್ ಅವರ ನೇತ್ರದಾನ ನಾಡಿನಲ್ಲಿ ಮೂಡಿಸಿದಂಥ ಎಚ್ಚರ ಚರ್ಮದಾನದ ವಿಷಯದಲ್ಲಿ ಇನ್ನೂ ಮೂಡಿಲ್ಲ. ಇಡೀ ಚರ್ಮವನ್ನೇ ಸುಲಿಯುತ್ತಾರೆಂಬ ಭಯ ಹಲವರಲ್ಲಿದೆ, ಅದು ಸಹಜವೂ ಹೌದು. ವಾಸ್ತವವಾಗಿ, ಮರಣಾನಂತರ ಸುಮಾರು ಆರು ಗಂಟೆಯೊಳಗೆ ತೊಡೆ, ಬೆನ್ನುಗಳಿಂದ ಕಾಗದದಷ್ಟು ತೆಳುವಾದ ಮೇಲ್ಪದರವನ್ನು ಮಾತ್ರ ತೆಗೆದು, ಬ್ಯಾಂಡೇಜ್ ಸುತ್ತಿ ದೇಹವನ್ನು ಮನೆಯವರಿಗೆ ಒಪ್ಪಿಸಲಾಗುತ್ತದೆ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ಗ್ಲಿಸರಾಲ್‌ನಲ್ಲಿ ತಂಪಾಗಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಆದರೆ ದೂರದ ಜಿಲ್ಲೆಗಳ ದಾನಿಗಳಿಗೆ ಆರು ಗಂಟೆಯ ಗಡುವೇ ದೊಡ್ಡ ಅಡ್ಡಿ. ಆದ್ದರಿಂದ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಚರ್ಮ ಸಂಗ್ರಹಕ್ಕೆ ತರಬೇತಾದ ತಂಡವನ್ನು ಆರೋಗ್ಯ ಇಲಾಖೆ ನೇಮಿಸಬೇಕೆಂದು ಕೋರುತ್ತೇನೆ.

– ಓದುಗ, ತುಮಕೂರು