ಏಪ್ರಿಲ್‌ನಿಂದ ಹಿಂಬಾಗಿಲಿನಿಂದ ಬನ್ನಿ

ಆತ್ಮೀಯ ಗ್ರಾಹಕರೇ,

ಏಪ್ರಿಲ್ ಎರಡನೇ ಸೋಮವಾರದಿಂದ ಇಂಗ್ಲೆಂಡಿನ ಕವೆಂಟ್ರಿಯ ಸ್ಪಾನ್ ಸ್ಟ್ರೀಟ್ ಕಡೆಯ ನಮ್ಮ ದಿನಸಿ ಅಂಗಡಿಯ ಮುಂಬಾಗಿಲು ಮುಚ್ಚಿರುತ್ತದೆ. ಅಂಗಡಿ ಮುಚ್ಚುವುದಿಲ್ಲ. ಹಿಂದಿನ ಅಂಗಳದ ಬಾಗಿಲಿನಿಂದ ಬನ್ನಿ; ವೇಳೆ ಎಂದಿನಂತೆ ಬೆಳಗ್ಗೆ 10ರಿಂದ ಸಂಜೆ 7. ಮುಂದಿನ ಗೋಡೆಯ ಕೆಲಸ ಸೆಪ್ಟೆಂಬರ್ ಹೊತ್ತಿಗೆ ಮುಗಿಯಬೇಕು. ಒಂದು ಗೋಡೆಗೆ ಐದು ತಿಂಗಳೇ ಎಂದು ಕೌಂಟರಿನಲ್ಲಿ ಹಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಈ ಬೀದಿಯಲ್ಲಿ ಮಧ್ಯಯುಗದ ಮರದ ಮನೆಗಳು ಇಷ್ಟೊಂದು ಸಾಲಾಗಿ ನಿಂತಿರುವುದಕ್ಕೆ 1967ರಲ್ಲಿ ಶುರುವಾದ ಯೋಜನೆ ಕಾರಣ. ಕೆಲವು ಮನೆಗಳು ಮೊದಲಿನಿಂದಲೂ ಇಲ್ಲೇ ಇದ್ದವು. ಇನ್ನು ಕೆಲವನ್ನು ಇದೇ ಊರಿನ ಮಚ್ ಪಾರ್ಕ್ ಸ್ಟ್ರೀಟ್‌ನಂಥ ಕಡೆಗಳಿಂದ ಬಿಚ್ಚಿ ತಂದು ನಿಲ್ಲಿಸಿ ಅಂಗಡಿ ಮಾಡಿದರು. ಹಾಗೆ ಬಿಚ್ಚಿ ತರಲು ಸಾಧ್ಯವಾದದ್ದು ಜೋಡಣೆಯಿಂದ: ಒಂದು ತೊಲೆಯ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಓಕ್ ಗೂಟ ಬಡಿದಿರುತ್ತಾರೆ. ಭಾರವೆಲ್ಲ ಚೌಕಟ್ಟಿನ ಮೇಲೆ. ನಡುವಿನ ಗೋಡೆ ಗಾಳಿ, ಮಳೆ ತಡೆಯಲಷ್ಟೇ. ಆದ್ದರಿಂದ ಗೋಡೆ ಬಿಚ್ಚಿದ್ದನ್ನು ನೋಡಿ ಗಾಬರಿಯಾಗಬೇಡಿ, ಮನೆ ಬೀಳುವುದಿಲ್ಲ.

ನಮ್ಮ ಮುಂಗೋಡೆಯ ಅಂಕಣಗಳಿಗೆ ಹಿಂದಿನ ಬಾಡಿಗೆದಾರರ ಕಾಲದಲ್ಲಿ ಸಿಮೆಂಟ್ ಗಿಲಾವು ಮಾಡಿದ್ದರು. ಓಕ್ ಮರ ಋತುವಿನೊಂದಿಗೆ ಉಬ್ಬುತ್ತದೆ, ಕುಗ್ಗುತ್ತದೆ, ಸಿಮೆಂಟ್ ಬಗ್ಗುವುದಿಲ್ಲ. ಎರಡೂ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಮಳೆನೀರು ಒಳಗಿಳಿಯುತ್ತದೆ. ಹಾಗೆ ಇಳಿದ ನೀರು ಸಿಮೆಂಟಿನ ಮೂಲಕ ಆರಿ ಹೊರಬರಲಾರದೆ ಅಡಿತೊಲೆಯ ಮೇಲೆ ನಿಲ್ಲುತ್ತದೆ. ಮರದ ತೇವ ಶೇ. 20 ದಾಟಿ ಹಾಗೇ ಉಳಿದರೆ ಕೊಳೆತ ಶುರು, ಹಿಂದೆಯೇ ಹುಳು. ಬಾಗಿಲ ಎಡಗಡೆಯ ಅಡಿತೊಲೆಗೆ ಸ್ಕ್ರೂಡ್ರೈವರ್ ಒತ್ತಿದರೆ ಒಂದಿಂಚು ಒಳಗೆ ಹೋಗುತ್ತದೆ. ಅಲ್ಲೇ ಹುಳು ಹೊರಬಿದ್ದ ಸುಮಾರು 3 ಮಿ.ಮೀ. ಅಗಲದ ದುಂಡು ತೂತುಗಳೂ ಇವೆ.

ಕೊಳೆತಷ್ಟನ್ನೇ ಕತ್ತರಿಸಿ ಹೊಸ ಓಕ್ ತುಂಡನ್ನು ಓರೆಯಾಗಿ ಬೆಸೆಯುತ್ತಾರೆ. ಇಡೀ ತೊಲೆ ಬದಲಿಸುವುದಿಲ್ಲ. ಬೋಲ್ಟ್ ಬೇಕಾದಲ್ಲಿ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಓಕ್‌ನ ಒಗರು ಸಾಧಾರಣ ಕಬ್ಬಿಣವನ್ನು ತಿಂದು ಮರವನ್ನೂ ಕಪ್ಪಾಗಿಸುತ್ತದೆ. ಆಮೇಲಿನ ಗೋಡೆ ನಮ್ಮೂರಿನ ತಡಿಕೆ ಗೋಡೆಯಂಥದ್ದೇ: ಸೀಳಿದ ಓಕ್ ಕಡ್ಡಿಗಳನ್ನು ಮೇಲಿನ ತೊಲೆಯ ತೂತುಗಳಿಗೂ ಕೆಳಗಿನ ತೊಲೆಯಲ್ಲಿ ಕೊರೆದ ಉದ್ದ ತೋಡಿಗೂ ಸಿಕ್ಕಿಸಿ, ಹೇಜಲ್ ಎಂಬ ಗಿಡದ ಬಳುಕುವ ಕೋಲುಗಳನ್ನು ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಎರಡೂ ಕಡೆಯಿಂದ ಒಟ್ಟಿಗೆ ಒತ್ತುತ್ತಾರೆ. ಮಣ್ಣು ಒಣಗುತ್ತ ಚೌಕಟ್ಟಿನಿಂದ ಕೆಲವು ಮಿಲಿಮೀಟರ್ ಸರಿಯುತ್ತದೆ. ಅದು ಪೂರ್ತಿ ಸರಿಯುವ ತನಕ ಕಾಯದೆ ಗಿಲಾವು ಬಳಿದರೆ ಸಂದು ಮತ್ತೆ ತೆರೆದುಕೊಳ್ಳುತ್ತದೆ; ಬಹಳ ಕಡೆ ಕೆಡುವುದು ಇಲ್ಲೇ.

ಗಿಲಾವು ಸುಣ್ಣದ್ದು: ಒಂದು ಪಾಲು ಹದಮಾಡಿದ ಸುಣ್ಣಕ್ಕೆ ಮೂರು ಪಾಲು ಒರಟು ಮರಳು, ಜೊತೆಗೆ ಮೇಕೆಕೂದಲು. ಪ್ರತಿ ಪದರ ಸುಮಾರು 10 ಮಿ.ಮೀ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದೂ ನಿಧಾನವಾಗಿ. ಬಿಸಿಲಿಗೆ ಬೇಗ ಒಣಗಿದರೆ ಪುಡಿಯಾಗುತ್ತದೆ, ಅದಕ್ಕೇ ಒದ್ದೆ ಗೋಣಿಬಟ್ಟೆ ಹೊದಿಸಿರುತ್ತೇವೆ. 5 ಡಿಗ್ರಿಗಿಂತ ಕೆಳಗೆ ಈ ಕೆಲಸ ಆಗದು. ಇನ್ನೂ ಹಸಿಯಿರುವಾಗ ಹಿಮ ಬಿದ್ದರೆ ಮೇಲ್ಪದರ ಸಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಬಾರದಿತ್ತೇ ಎಂದವರಿಗೆ ಇದೇ ಉತ್ತರ. ಕೊನೆಗೆ ನಾಲ್ಕೈದು ತೆಳು ಸುಣ್ಣದ ಕೋಟು, ಒಂದೊಂದರ ನಡುವೆ ಒಂದು ದಿನ ಬಿಟ್ಟು. ಮರಕ್ಕೆ ಕಪ್ಪು ಬಣ್ಣ ಇನ್ನು ಬಳಿಯುವುದಿಲ್ಲ. ಕಪ್ಪು-ಬಿಳುಪಿನ ಈ ಗಾಢ ನೋಟ ಹೆಚ್ಚಾಗಿ ವಿಕ್ಟೋರಿಯನ್ ಕಾಲದ ಷೋಕಿ. ಬೂದುಬಣ್ಣಕ್ಕೆ ತಿರುಗಿದ ಬರೀ ಓಕ್ ನಮ್ಮ ಕಣ್ಣಿಗೆ ಹೆಚ್ಚು ಚೆಂದ.

ಮಹಡಿಯ ಗೋಡೌನ್ ಕೂಡ ಖಾಯಂ ಆಗಿ ಖಾಲಿ ಮಾಡುತ್ತಿದ್ದೇವೆ. ಆ ಕಾಲದ ಬಡಗಿಗಳು ಮಹಡಿಯ ಜಂತಿಗಳನ್ನು ಅಗಲದ ಮಗ್ಗುಲಿಗೆ, ಮಲಗಿಸಿ ಇಡುತ್ತಿದ್ದರು. ನಿಲ್ಲಿಸಿ ಇಟ್ಟ ಜಂತಿಗಿಂತ ಅವು ಬೇಗ ಬಾಗುತ್ತವೆ. ಇಲ್ಲಿ ಮನೆಯ ಮಹಡಿಗೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ.; 20 ಕೆ.ಜಿ.ಯ ಹತ್ತು ಸೋನಾ ಮಸೂರಿ ಮೂಟೆ ಒಂದರ ಮೇಲೊಂದು ಪೇರಿಸಿದರೇ ಅದು ದಾಟಿತು. ಹಾಗಾಗಿ 20 ಕೆ.ಜಿ. ಮೂಟೆ ಇನ್ನು ಆರ್ಡರಿಗೆ ಮಾತ್ರ: ಬುಧವಾರದೊಳಗೆ ಹೇಳಿದರೆ ಶನಿವಾರ ಸಿಗುತ್ತದೆ. 5 ಮತ್ತು 10 ಕೆ.ಜಿ. ಚೀಲಗಳು ಎಂದಿನಂತೆ ಕೆಳಗೇ ಇರುತ್ತವೆ. ಬಿಸಿ ಇಡ್ಲಿಯ ಕೌಂಟರ್ ಸೆಪ್ಟೆಂಬರ್‌ವರೆಗೆ ಇರುವುದಿಲ್ಲ, ಆ ಹಬೆಯೆಲ್ಲ ಹಸಿಗೋಡೆಗೆ ಹೋಗುತ್ತದೆ. ದೋಸೆಹಿಟ್ಟು ಶುಕ್ರವಾರ ಎಂದಿನಂತೆ.

ಇದು ಸಂರಕ್ಷಿತ ಪಟ್ಟಿಯ ಕಟ್ಟಡ, ಅನುಮತಿಯಿಲ್ಲದೆ ಅದರ ಸ್ವರೂಪ ಬದಲಿಸುವುದು ಇಲ್ಲಿ ಅಪರಾಧ. ಕೌನ್ಸಿಲ್‌ನ ಒಪ್ಪಿಗೆ ಪತ್ರದ ಪ್ರತಿ ಕೌಂಟರಿನಲ್ಲಿದೆ, ಬೇಕಾದವರು ನೋಡಬಹುದು. ಹಿಂಬಾಗಿಲಿಗೆ ಎರಡು ಮೆಟ್ಟಿಲಿವೆ; ಗಾಲಿಕುರ್ಚಿ ಅಥವಾ ಮಕ್ಕಳ ಗಾಡಿ ಇದ್ದರೆ ಗಂಟೆ ಒತ್ತಿ, ಹಲಗೆ ಹಾಕಿಕೊಡುತ್ತೇವೆ.

ಇಂತಿ,
ಅಂಗಡಿಯ ಬಳಗ